‘ಕ್ವಾಲಿಟಿ’ ಹುಟ್ಟಿದ್ದು ಪೇಟೆಯಲ್ಲಲ್ಲ

ಓದುಗರೊಬ್ಬರ ಪತ್ರ: ಕಳೆದ ಸಂಚಿಕೆಯಲ್ಲಿ ‘ಕ್ವಾಲಿಟಿ’ಯನ್ನು ತತ್ತ್ವಶಾಸ್ತ್ರದ ಪದವೆಂದು ಬರೆದಿದ್ದೀರಿ. ಅದು ವ್ಯಾಪಾರಿಗಳ ಮಾತು. ದಾರ್ಶನಿಕರು ಆಮೇಲೆ ಎರವಲು ಪಡೆದಿರಬೇಕು. ಪ್ರಜ್ಞೆಯ ಕುರಿತ ಚರ್ಚೆಗಳಲ್ಲಿ ಬರುವ ‘ಕ್ವಾಲಿಯಾ’ಕ್ಕೂ ಇದಕ್ಕೂ ನಂಟಿದೆಯೇ?

ಸಂಪಾದಕರ ಉತ್ತರ: ಅಕ್ಕಿ ಮೂಟೆಯಿಂದ ಮೊಬೈಲ್ ಜಾಹೀರಾತಿನವರೆಗೆ ಎಲ್ಲೆಲ್ಲೂ ಕಾಣುವ ಪದವಾದ್ದರಿಂದ ನಿಮಗೆ ಹಾಗೆನಿಸಿದ್ದು ಸಹಜ. ಆದರೆ ನಡೆದದ್ದು ತಿರುವುಮುರುವು. ದಾರ್ಶನಿಕರು ಬೇಕೆಂದೇ ಕಟ್ಟಿಕೊಂಡ ಪದವಿದು, ಅದೂ ಎರಡು ಸಲ.

ಮೊದಲು ಗ್ರೀಕಿನಲ್ಲಿ. ಅಲ್ಲಿ ‘ಪೊಯೊಸ್’ ಎಂದರೆ ‘ಎಂಥ’. ಅದಕ್ಕೆ ಪ್ರತ್ಯಯ ಹಚ್ಚಿ ‘ಪೊಯೊತೆಸ್’ ಮಾಡಿದರು. ಕನ್ನಡದಲ್ಲಿ ‘ಎಂಥತನ’ ಎಂದ ಹಾಗೆ. ಕಿವಿಗೆ ಒಗ್ಗುವುದಿಲ್ಲ, ಅಲ್ಲವೇ? ಗ್ರೀಕರಿಗೂ ಒಗ್ಗಿರಲಿಲ್ಲ. ಪ್ಲೇಟೊನ ‘ಥಿಯೇಟೀಟಸ್’ ಸಂವಾದದಲ್ಲಿ ಈ ಪದ ಬಳಸಿದ ಸಾಕ್ರಟೀಸ್, ಇದು ವಿಚಿತ್ರವೆನಿಸಬಹುದು ಎಂದು ತಾನೇ ಹೇಳಿ, ಬಿಸಿ, ಬಿಳುಪುಗಳ ಉದಾಹರಣೆ ಕೊಟ್ಟು ಬಿಡಿಸಿ ಹೇಳುತ್ತಾನೆ.

ಮುಂದೆ ಕ್ರಿ.ಪೂ. 45ರಲ್ಲಿ, ಮಗಳು ತುಲ್ಲಿಯಾ ತೀರಿಕೊಂಡ ವರ್ಷವೇ, ರೋಮಿನ ವಾಗ್ಮಿ ಸಿಸೆರೊ ಗ್ರೀಕ್ ದರ್ಶನವನ್ನು ಲ್ಯಾಟಿನ್ನಿಗೆ ತರಲು ಕುಳಿತ. ಅವನ ‘ಅಕಾಡೆಮಿಕಾ’ ಎಂಬ ಸಂವಾದದಲ್ಲಿ ವಿದ್ವಾಂಸ ವಾರ್ರೊ ಮಾತನಾಡುತ್ತಾನೆ. ‘ಕ್ವಾಲಿಟಾಸ್’ ಎಂಬ ಹೊಸ ಪದವನ್ನು ಮುಂದಿಡುತ್ತಾನೆ. ಕೂಡಲೇ, ರೂಢಿಯಲ್ಲಿಲ್ಲದ ವಿಷಯಕ್ಕೆ ಹಿಂದೆಂದೂ ಕೇಳದ ಪದ ಬಳಸಲು ಬಿಡುತ್ತೀರಷ್ಟೆ ಎಂದು ಒಪ್ಪಿಗೆ ಕೇಳುತ್ತಾನೆ. ಅದಕ್ಕೆ ಮೂಲವಾದ ಲ್ಯಾಟಿನ್ ‘ಕ್ವಾಲಿಸ್’ ಎಂದರೂ ‘ಎಂಥ’ ಎಂದೇ. (ಸಂಸ್ಕೃತದ ‘ಕಃ’, ‘ಕಿಮ್’ ಮತ್ತು ಈ ‘ಕ್ವಾಲಿಸ್’ ಒಂದೇ ಪ್ರಾಚೀನ ಪ್ರಶ್ನಾರ್ಥಕ ಬೇರಿನವು.) ಗ್ರೀಕರಲ್ಲೂ ಇದು ಜನಸಾಮಾನ್ಯರ ಮಾತಲ್ಲ, ದಾರ್ಶನಿಕರ ಮಾತು ಎಂದೂ ವಾರ್ರೊ ಸೇರಿಸುತ್ತಾನೆ. ನಿಮ್ಮ ಸಂದೇಹಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ನನಗೆ ಬಹಳ ಪ್ರಿಯವಾದ ಪುಟವಿದು. ಪ್ರತಿಯೊಂದು ಕಸುಬಿಗೂ ತನ್ನದೇ ಪದಗಳಿರುತ್ತವೆ, ಹೊಸದಕ್ಕೆ ಹೊಸ ಹೆಸರಿಡಬೇಕು, ಇಲ್ಲವೇ ಬೇರೆ ಕಡೆಯಿಂದ ತರಬೇಕು ಎಂದು ಅಲ್ಲಿ ಎಷ್ಟು ಧೈರ್ಯವಾಗಿ ಹೇಳಿದೆ! ಹಾಗೆಂದು ವಾರ್ರೊ ಹಟಮಾರಿಯಲ್ಲ. ‘ಫಿಲಾಸಫಿ’ಯಂತಹ ಬಳಕೆಯಾಗಿ ಹೋದ ಗ್ರೀಕ್ ಪದಗಳನ್ನು ಹಾಗೆಯೇ ಇಟ್ಟುಕೊಳ್ಳುತ್ತಾನೆ.

ಲ್ಯಾಟಿನ್ನಿನಿಂದ ಹಳೆಯ ಫ್ರೆಂಚಿಗೆ, ಅಲ್ಲಿಂದ 1300ರ ಸುಮಾರಿಗೆ ಇಂಗ್ಲಿಷಿಗೆ ಪದ ಬಂತು. ಅಲ್ಲಿ ಸ್ವಭಾವ, ಅಂತಸ್ತು ಎಂಬ ಅರ್ಥಗಳನ್ನೂ ಪಡೆಯಿತು. 17ನೆಯ ಶತಮಾನದಲ್ಲಿ ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್ ಆಕಾರ, ಚಲನೆಗಳಂತಹ ಗುಣಗಳನ್ನು ಪ್ರಾಥಮಿಕವೆಂದೂ ಬಣ್ಣ, ರುಚಿಗಳನ್ನು ದ್ವಿತೀಯಕವೆಂದೂ ವಿಂಗಡಿಸಿದ.

ಇನ್ನು ‘ಕ್ವಾಲಿಯಾ’. ‘ಕ್ವಾಲಿಸ್’ನ ನಪುಂಸಕಲಿಂಗ ‘ಕ್ವಾಲೆ’. ಅದರ ಬಹುವಚನವೇ ‘ಕ್ವಾಲಿಯಾ’. ಇಂದಿನ ಚರ್ಚೆಯ ಅರ್ಥಕ್ಕೆ ಹತ್ತಿರವಾಗಿ ಅದನ್ನು ಬಳಕೆಗೆ ತಂದವರು ಅಮೆರಿಕದ ದಾರ್ಶನಿಕ ಸಿ.ಐ. ಲೂಯಿಸ್, 1929ರಲ್ಲಿ. ಹುಣಸೆಯ ರಾಸಾಯನಿಕ ಗುಣವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ಅದನ್ನು ಚೀಪಿದಾಗ ನಿಮ್ಮ ನಾಲಗೆಗೆ ಆ ಹುಳಿ ‘ಎಂಥದು’ ಎನಿಸುತ್ತದೋ ಅದು ಕ್ವಾಲೆ.