ರೂಬಿಕ್ಸ್ ಕ್ಯೂಬ್ ಬೇಗ ಬಿಡಿಸುವ ಫ್ರಿಡ್ರಿಚ್ ಮೆಥಡ್, ಸಿಎಫ್‌ಒಪಿ ಎರಡೂ ಒಂದೇನಾ? ಅದನ್ನು ಕಂಡುಹಿಡಿದವರು ಯಾರು?

ಎರಡೂ ಒಂದೇ. ಆದರೆ ಅದನ್ನು ಜೆಸ್ಸಿಕಾ ಫ್ರಿಡ್ರಿಚ್ ಒಬ್ಬರೇ ಕಂಡುಹಿಡಿದರು ಅನ್ನೋದು ಮಾತ್ರ ಸರಿಯಲ್ಲ.

ಸಿ ಅಂದರೆ ಕ್ರಾಸ್ (ಒಂದು ಮುಖದಲ್ಲಿ ಪ್ಲಸ್ ಆಕಾರ ಮಾಡುವುದು), ಎಫ್ ಅಂದರೆ ಎಫ್‌ಟುಎಲ್ (ಮೊದಲ ಎರಡು ಲೇಯರ್), ಒ ಅಂದರೆ ಒಎಲ್‌ಎಲ್, ಪಿ ಅಂದರೆ ಪಿಎಲ್‌ಎಲ್ (ಈ ಎರಡೂ ಕೊನೆಯ ಲೇಯರಿನವು). ಒಟ್ಟು ನಾಲ್ಕು ಹಂತ. ಇವು ಬೇರೆ ಬೇರೆ ಜನರಿಂದ ಬಂದವು.

ಮೊದಲು ಕ್ರಾಸ್ ಮಾಡಿ ಲೇಯರ್ ಲೇಯರಾಗಿ ಬಿಡಿಸುವ ದಾರಿಯನ್ನು ಬ್ರಿಟನ್ನಿನ ಗಣಿತಜ್ಞ ಡೇವಿಡ್ ಸಿಂಗ್‌ಮಾಸ್ಟರ್ 1980ರಲ್ಲೇ ಬರೆದಿದ್ದರು. ನಿಜವಾದ ವೇಗ ಬಂದಿದ್ದು ಎಫ್‌ಟುಎಲ್‌ನಿಂದ. ಹೊಸದಾಗಿ ಕಲಿಯುವವರು ಮೊದಲು ಕಾರ್ನರ್‌ಗಳನ್ನು (ಮೂಲೆಯ ತುಂಡುಗಳನ್ನು) ಕೂರಿಸಿ, ಆಮೇಲೆ ಎರಡನೇ ಲೇಯರಿನ ಎಡ್ಜ್‌ಗಳಿಗೆ (ಅಂಚಿನ ತುಂಡುಗಳಿಗೆ) ಕೈ ಹಾಕುತ್ತಾರೆ, ಅಲ್ವಾ? ಎಫ್‌ಟುಎಲ್‌ನಲ್ಲಿ ಕಾರ್ನರ್ ಮತ್ತು ಎಡ್ಜನ್ನು ಮೊದಲೇ ಜೋಡಿ ಮಾಡಿ, ಒಟ್ಟಿಗೇ ಒಳಗೆ ಸೇರಿಸುತ್ತೀರಿ. ನಾಲ್ಕು ಜೋಡಿ ಆದರೆ ಎರಡು ಲೇಯರ್ ಮುಗಿದಂತೆ. ಈ ಐಡಿಯಾ 1981ರಲ್ಲಿ ನೆದರ್ಲೆಂಡ್ಸ್‌ನ ರೆನೆ ಸ್ಕೂಫ್ ಅವರದ್ದು. ಇದು ತನ್ನದಲ್ಲ ಎಂದು ಫ್ರಿಡ್ರಿಚ್ ಅವರೇ ಒಪ್ಪಿಕೊಂಡಿದ್ದಾರೆ.

ಫ್ರಿಡ್ರಿಚ್ ದುಡಿದಿದ್ದು ಕೊನೆಯ ಲೇಯರಿನ ಮೇಲೆ. ಅದನ್ನು ಒಂದೇ ಏಟಿಗೆ ಬಿಡಿಸಬೇಕಾದರೆ ಸಾವಿರಕ್ಕೂ ಜಾಸ್ತಿ ಕೇಸ್ (ತುಂಡುಗಳು ಕೂತಿರಬಹುದಾದ ರೀತಿಗಳು) ನೆನಪಿಡಬೇಕು. ಎರಡು ಹಂತ ಮಾಡಿಕೊಂಡರೆ ಕೆಲಸ ಹಗುರ. ಮೊದಲು ಮೇಲ್ಮುಖವೆಲ್ಲ ಒಂದೇ ಬಣ್ಣ: ಒಎಲ್‌ಎಲ್, 57 ಕೇಸ್. ಆಮೇಲೆ ತುಂಡುಗಳನ್ನು ಅವುಗಳ ಜಾಗಕ್ಕೆ ತರುವುದು: ಪಿಎಲ್‌ಎಲ್, 21 ಕೇಸ್. ಒಟ್ಟು 78 ಅಲ್ಗಾರಿದಮ್ (ಕ್ಯೂಬನ್ನು ತಿರುಗಿಸುವ ಕ್ರಮ) ಕಲಿತರೆ ಸಾಕು. (ಸಾಕು ಅಂತ ಹೇಳೋದು ಸುಲಭ ಬಿಡಿ!) ಇದೇ ದಾರಿಯನ್ನು ಡಚ್ಚರಾದ ಹ್ಯಾನ್ಸ್ ಡಾಕ್‌ಹಾರ್ನ್, ಆನೆಕೆ ಟ್ರೀಪ್ ಕೂಡ ತಮ್ಮಷ್ಟಕ್ಕೆ ತಾವೇ ಕಂಡುಕೊಂಡಿದ್ದರು.

ಹಾಗಾದರೆ ಫ್ರಿಡ್ರಿಚ್ ಹೆಸರೇ ಯಾಕೆ ಅಂಟಿಕೊಂಡಿತು? 1982ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರು ಗೆದ್ದಿರಲಿಲ್ಲ. ಹತ್ತನೇ ಸ್ಥಾನ ಬಂದಿತ್ತು. ಗೆದ್ದವರು 22.95 ಸೆಕೆಂಡಿನಲ್ಲಿ ಬಿಡಿಸಿದ ಮಿನ್ ಥಾಯ್. ಆಮೇಲೆ ಕ್ಯೂಬಿನ ಹುಚ್ಚೇ ಇಳಿದುಹೋಯಿತು. 1990ರ ದಶಕದಲ್ಲಿ, ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯ ಸೇರಿದ್ದ ಫ್ರಿಡ್ರಿಚ್ ತಮ್ಮ ಇಡೀ ಮೆಥಡನ್ನು ಅಲ್ಗಾರಿದಮ್ ಸಮೇತ ಇಂಟರ್ನೆಟ್ಟಿಗೆ ಹಾಕಿದರು. ಮುಂದಿನ ತಲೆಮಾರಿನವರು ಅಲ್ಲಿಂದಲೇ ಕಲಿತರು, ಅವರ ಹೆಸರಿನಿಂದಲೇ ಕರೆದರು. 2003ರಲ್ಲಿ ಟೊರೊಂಟೊದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಮತ್ತೆ ನಡೆದಾಗ ಫ್ರಿಡ್ರಿಚ್ ಅವರೇ ಬಂದು ಎರಡನೇ ಸ್ಥಾನ ಗೆದ್ದರು! ಅಂದಹಾಗೆ, ಅವರ ಅಸಲಿ ಕಸುಬೇ ಬೇರೆ. ಒಂದು ಫೋಟೊ ಯಾವ ಡಿಜಿಟಲ್ ಕ್ಯಾಮೆರಾದಿಂದ ಬಂತು ಎಂದು ಪತ್ತೆ ಮಾಡುವ ಸಂಶೋಧನೆಯಲ್ಲಿ ಅವರದ್ದು ದೊಡ್ಡ ಹೆಸರು.

ಕ್ಯೂಬ್ ಬಿಡಿಸುವ ಬೇರೆ ದಾರಿಗಳಾದ ರೂ, ಪೆಟ್ರಸ್ ಮೆಥಡ್‌ಗಳು ಈಗಲೂ ಅವನ್ನು ರೂಪಿಸಿದವರ ಹೆಸರಲ್ಲೇ ಇವೆ. ಅಲ್ಲಿ ತಕರಾರು ಕಡಿಮೆ. ಇಲ್ಲಿ ಪಾಲುದಾರರು ತುಂಬಾ ಜನ. ಅದಕ್ಕೇ ಹಂತಗಳ ಮೊದಲ ಅಕ್ಷರ ಕೂಡಿಸಿದ ಸಿಎಫ್‌ಒಪಿ ನನಗೆ ಹೆಚ್ಚು ನ್ಯಾಯ ಅನ್ನಿಸುತ್ತದೆ. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಫ್ರಿಡ್ರಿಚ್ ಅಂತಲೇ ಇರುತ್ತದೆ. ಬೇರೆ ಏನೋ ಇರಬೇಕು ಅಂತ ಅದನ್ನು ಬಿಟ್ಟುಬಿಡಬೇಡಿ.