ಓದುಗರ ಪ್ರಶ್ನೆ: ಮೂರು ನಿಮಿಷದಲ್ಲಿ ಪಿಎಚ್.ಡಿ.

ಪ್ರಶ್ನೆ: ನಮ್ಮ ವಿಭಾಗಕ್ಕೆ ‘ತ್ರೀ ಮಿನಿಟ್ ಥೀಸಿಸ್’ ಸ್ಪರ್ಧೆಯ ಸುತ್ತೋಲೆ ಬಂದಿದೆ. ಇದೇನು? ನಾನು ಎಂ.ಎಸ್ಸಿ. ಎರಡನೇ ವರ್ಷದವಳು, ಸೇರಬಹುದೇ? (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ತಮ್ಮ ಪಿಎಚ್.ಡಿ. ಸಂಶೋಧನೆಯನ್ನು ಮೂರೇ ನಿಮಿಷದಲ್ಲಿ, ಒಂದೇ ಸ್ಲೈಡ್ ಇಟ್ಟುಕೊಂಡು, ಆ ವಿಷಯ ಗೊತ್ತಿಲ್ಲದವರಿಗೂ ತಿಳಿಯುವಂತೆ ಹೇಳುವ ಸ್ಪರ್ಧೆ ಇದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರು ಮಾಡಿತು. ಆಗ ಅಲ್ಲಿ ಬರಗಾಲ. ನೀರು ಉಳಿಸಲೆಂದು ಜನ ಬಚ್ಚಲಿನ ಗೋಡೆಗೆ ಮೂರು ನಿಮಿಷದ ಗಡಿಯಾರ ಹಾಕಿಕೊಂಡು ಸ್ನಾನ ಮುಗಿಸುತ್ತಿದ್ದರು. ಅದೇ ಲೆಕ್ಕವನ್ನು ಸಂಶೋಧನೆಗೂ ಹಚ್ಚಿದವರು ಅಲ್ಲಿನ ಡೀನ್ ಆಗಿದ್ದ ಅಲನ್ ಲಾಸನ್. ಮೂಲ ನಿಯಮದಂತೆ ಇದು ಪಿಎಚ್.ಡಿ. ಮಾಡುತ್ತಿರುವವರಿಗೆ, ಪದವಿ ಪಡೆದು ಮುಗಿಸಿದವರಿಗಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬೇರೆಯೇ ಸುತ್ತು ಇಡುವ ವಿಶ್ವವಿದ್ಯಾಲಯಗಳೂ ಇವೆ. ನಿಮ್ಮ ಸುತ್ತೋಲೆಯಲ್ಲಿ ‘ಅರ್ಹತೆ’ಯ ಸಾಲು ನೋಡಿ.

ಪ್ರಶ್ನೆ: ರಾಗಿಯ ಬೆಂಕಿ ರೋಗದ ಮೇಲೆ ನನ್ನ ಕೆಲಸ. ಬರೆದುಕೊಂಡದ್ದನ್ನು ಓದಿದರೆ ಐದೂವರೆ ನಿಮಿಷ ಆಗುತ್ತದೆ. ಎಷ್ಟು ಬೇಗ ಮಾತಾಡಿದರೂ ನಾಲ್ಕಕ್ಕೆ ಇಳಿಯುತ್ತಿಲ್ಲ. (ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಬೇಗ ಮಾತಾಡುವ ಯತ್ನವನ್ನೇ ಬಿಡಿ, ಕತ್ತರಿ ಕೈಗೆ ತೆಗೆದುಕೊಳ್ಳಿ. ಮೂರು ನಿಮಿಷದ ಮೇಲೆ ಒಂದು ಸೆಕೆಂಡ್ ಹೋದರೂ ಸ್ಪರ್ಧೆಯಿಂದ ಹೊರಗೆ. ಹಾಗಾಗಿ ಗುರಿ 2 ನಿಮಿಷ 40 ಸೆಕೆಂಡ್ ಇರಲಿ. ಸಭೆ ನಕ್ಕರೆ, ನೀವು ಉಸಿರೆಳೆದುಕೊಂಡರೆ ಉಳಿದ ಇಪ್ಪತ್ತು ಸೆಕೆಂಡ್ ಅದಕ್ಕೇ ಹೋಗುತ್ತದೆ.

ಮೊದಲು ಹೋಗಬೇಕಾದದ್ದು ವಂದನೆ. “ವೇದಿಕೆಯ ಮೇಲಿರುವ ಗಣ್ಯರೇ, ತೀರ್ಪುಗಾರರೇ, ನನ್ನ ಮಹಾಪ್ರಬಂಧದ ಶೀರ್ಷಿಕೆ...” ಎನ್ನುವಷ್ಟರಲ್ಲಿ ಹದಿನೈದು ಸೆಕೆಂಡ್ ಕರಗಿರುತ್ತದೆ. ಗಡಿಯಾರ ಓಡತೊಡಗುವುದು ನಿಮ್ಮ ಮೊದಲ ಮಾತು ಅಥವಾ ಮೊದಲ ಅಭಿನಯದಿಂದ. ನಮ್ಮ ಕಡೆ ವಂದನೆ ಬಿಟ್ಟರೆ ಅವಿನಯ ಎನಿಸಬಹುದು, ಇಲ್ಲಿ ಹಾಗಿಲ್ಲ. ನೇರ ಹೊಲಕ್ಕೆ ಇಳಿಯಿರಿ: “ತೆನೆ ಕಟ್ಟುವ ಹೊತ್ತಿಗೆ ರಾಗಿಯ ಕುತ್ತಿಗೆ ಕಪ್ಪಾಗುತ್ತದೆ. ಮೇಲೆ ಉಳಿಯುವುದು ಜೊಳ್ಳು.” ಇದು ಐದಾರು ಸೆಕೆಂಡ್. ಕೇಳುವವರಿಗೆ ತೊಂದರೆ ಏನೆಂದು ಗೊತ್ತಾಯಿತು.

ಆಮೇಲೆ ಉದ್ದೇಶಗಳು. ಪ್ರಬಂಧದಲ್ಲಿ ನಾಲ್ಕಿದ್ದರೆ ಮೂರನ್ನು ಮನೆಯಲ್ಲೇ ಬಿಟ್ಟು ಬನ್ನಿ. ಹಿಂದಿನವರ ಕೆಲಸದ ಸಮೀಕ್ಷೆ, ಉಪಕರಣಗಳ ಹೆಸರು, ಅಂಕಿಅಂಶದ ಪರೀಕ್ಷೆಗಳು ಯಾವುವೂ ಬೇಡ. ಸುಮಾರಾಗಿ ಹೀಗೆ ಹಂಚಿಕೊಳ್ಳಿ: ತೊಂದರೆಗೆ 30 ಸೆಕೆಂಡ್, ನಿಮ್ಮ ಪ್ರಶ್ನೆಗೆ 20, ಮಾಡಿದ್ದು ಮತ್ತು ಕಂಡದ್ದಕ್ಕೆ 80, ಅದರಿಂದೇನು ಎಂಬುದಕ್ಕೆ 30. ಹೆಚ್ಚಿನವರು ಎಡವುವುದು ಮೊದಲ ಭಾಗವನ್ನೇ ಒಂದೂವರೆ ನಿಮಿಷ ಎಳೆದು. ಕೊನೆಗೆ ಅವರ ಸ್ವಂತ ಕೆಲಸಕ್ಕೇ ಜಾಗ ಉಳಿದಿರುವುದಿಲ್ಲ.

ನಿಮ್ಮ ವಿಧಾನವನ್ನು ‘ಕ್ಯೂಟಿಎಲ್ ಮ್ಯಾಪಿಂಗ್’ ಎಂದು ಹೆಸರಿಸುವ ಬದಲು ಮಾಡಿದ್ದನ್ನೇ ಹೇಳಿ: ರೋಗ ತಡೆಯುವ ತಳಿಗೂ ರೋಗಕ್ಕೆ ಬಲಿಯಾಗುವ ತಳಿಗೂ ಸಂಕರ ಮಾಡಿ, ಅವುಗಳ ಮಕ್ಕಳು ಮೊಮ್ಮಕ್ಕಳಲ್ಲಿ ತಡೆಯುವ ಗುಣ ಡಿಎನ್‌ಎಯ ಯಾವ ತುಣುಕಿನ ಜೊತೆ ಇಳಿದು ಬಂದಿದೆ ಎಂದು ಹುಡುಕಿದಿರಿ. ಅಜ್ಜನ ಮೂಗು ಮೊಮ್ಮಗನಿಗೆ ಬಂದಂತೆ ಎಂಬ ಹೋಲಿಕೆ ಸಾಕು, ಎರಡನೆಯದು ತರಬೇಡಿ. ಹೋಲಿಕೆಗಳ ಮೇಲೆ ಹೋಲಿಕೆ ಬಂದರೆ ರಾಗಿ ಎಲ್ಲಿ ಹೋಯಿತೆಂದು ಜನ ಹುಡುಕುತ್ತಾರೆ. “ಇನ್ನು ರೈತರ ಕಷ್ಟವೆಲ್ಲ ಮುಗಿಯಿತು” ಎಂಬ ಧಾಟಿಯೂ ಬೇಡ. ವಿಷಯವನ್ನು ಹಗುರಗೊಳಿಸದೆ ಹೇಳಿದಿರಾ ಎಂಬುದನ್ನೂ ತೀರ್ಪುಗಾರರು ನೋಡುತ್ತಾರೆ.

ಮೂರು ನಿಮಿಷಕ್ಕೆ ಇಂಗ್ಲಿಷಿನಲ್ಲಿ ನಾನೂರು ಪದ ಎಂದು ಅಂದಾಜು ಕಟ್ಟುವವರಿದ್ದಾರೆ. ಕನ್ನಡದಲ್ಲಿ ಆ ಲೆಕ್ಕ ಕೈಕೊಡುತ್ತದೆ. ವಿಭಕ್ತಿ, ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಂಡು ನಮ್ಮ ಪದಗಳು ಉದ್ದವಾಗುತ್ತವೆ. ಗಟ್ಟಿಯಾಗಿ, ನಿಂತುಕೊಂಡು ಓದಿ ಮೊಬೈಲಿನ ಸ್ಟಾಪ್‌ವಾಚ್ ನೋಡಿ. ಮನಸ್ಸಿನಲ್ಲೇ ಓದಿಕೊಂಡರೆ ಸಮಯ ಯಾವಾಗಲೂ ಕಡಿಮೆ ತೋರಿಸುತ್ತದೆ.

ಪ್ರಶ್ನೆ: ಒಂದೇ ಸ್ಲೈಡ್ ಅಂದಿದ್ದಾರೆ. ಅದರಲ್ಲಿ ಏನೇನು ಹಾಕಬಹುದು? (ಮೈಸೂರು)

ಉತ್ತರ: ‘ಏನೇನು’ ಅಲ್ಲ, ‘ಏನು’. ಒಂದು ಚಿತ್ರ, ಐದಾರು ಪದ. ಅನಿಮೇಷನ್, ವಿಡಿಯೊ, ಧ್ವನಿ, ಕೈಯಲ್ಲಿ ಹಿಡಿಯುವ ವಸ್ತು, ವೇಷಭೂಷಣ ಎಲ್ಲಕ್ಕೂ ನಿಷೇಧ. ಸ್ಲೈಡ್ ಮೊದಲಿನಿಂದ ಕೊನೆಯವರೆಗೂ ಪರದೆಯ ಮೇಲೇ ಇರುತ್ತದೆ, ಆದ್ದರಿಂದ ಅದರಲ್ಲಿ ಓದುವಂಥದ್ದಿದ್ದರೆ ಸಭೆ ಓದುತ್ತದೆ, ನಿಮ್ಮನ್ನು ಕೇಳುವುದಿಲ್ಲ. ಪೋಸ್ಟರಿನ ಗ್ರಾಫ್ ತಂದು ಅಂಟಿಸುವುದು ತೀರಾ ಸಾಮಾನ್ಯ ತಪ್ಪು.

ಕನ್ನಡ ಅಕ್ಷರ ಹಾಕುವವರಿಗೆ ಇನ್ನೊಂದು ಗಂಡಾಂತರವಿದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಮಾಡಿದ ಸ್ಲೈಡ್, ಆ ಫಾಂಟ್ ಇಲ್ಲದ ಸಂಘಟಕರ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿನಲ್ಲೇ ಮಾಡಿ. ಆದರೂ ಫಾಂಟ್ ಬದಲಾಗಿ ಒತ್ತಕ್ಷರ ಕೆಡಬಹುದು, ಹಾಗಾಗಿ ಇಡೀ ಸ್ಲೈಡನ್ನು ಚಿತ್ರವಾಗಿ ಉಳಿಸಿ ಆ ಚಿತ್ರವನ್ನೇ ಖಾಲಿ ಸ್ಲೈಡಿಗೆ ಹಾಕಿ ಕಳಿಸಿ.

ಪ್ರಶ್ನೆ: ಕನ್ನಡದಲ್ಲಿ ಇಂಥ ಸ್ಪರ್ಧೆ ನಡೆಸಬಹುದೇ? ಒಂದು ವಚನ ಹಾಡಿ ಶುರು ಮಾಡಿದರೆ? (ಅಧ್ಯಾಪಕರು, ಶಿವಮೊಗ್ಗ)

ಉತ್ತರ: ಧಾರಾಳವಾಗಿ ನಡೆಸಿ. ಕೆನಡಾದ ಕ್ವೆಬೆಕ್‌ನಲ್ಲಿ ‘ಆಕ್ಫಾಸ್’ ಸಂಸ್ಥೆ 2012ರಲ್ಲಿ ಇದೇ ಮಾದರಿಯನ್ನು ಫ್ರೆಂಚಿಗೆ ತಂದು, ‘ನನ್ನ ಪ್ರಬಂಧ 180 ಸೆಕೆಂಡಿನಲ್ಲಿ’ ಎಂಬರ್ಥದ ಹೆಸರಿಟ್ಟಿತು. ಅಲ್ಲಿಂದ ಅದು ಫ್ರಾನ್ಸಿಗೂ ಹೋಯಿತು. ಆದರೆ ವಚನ ಬೇಡ. ಪದ್ಯ, ಹಾಡು, ರ‍್ಯಾಪ್ ಯಾವುದಕ್ಕೂ ಮೂಲ ನಿಯಮದಲ್ಲಿ ಅವಕಾಶವಿಲ್ಲ, ಆಡುಮಾತೇ ಆಗಬೇಕು. ತೀರ್ಪುಗಾರರಲ್ಲಿ ಅರ್ಧದಷ್ಟಾದರೂ ಬೇರೆ ವಿಷಯದವರಿರಲಿ. ಎಲ್ಲರೂ ನಿಮ್ಮ ವಿಭಾಗದವರೇ ಆದರೆ ಅದು ಇನ್ನೊಂದು ವೈವಾ (ಪ್ರಬಂಧದ ಮೌಖಿಕ ಪರೀಕ್ಷೆ) ಆಗುತ್ತದೆ.

ಪ್ರಶ್ನೆ: ನಡುವೆ ಮರೆತುಹೋದರೆ? (ಕಲಬುರಗಿ)

ಉತ್ತರ: ಪೂರ್ತಿ ಬಾಯಿಪಾಠ ಮಾಡಿದವರಿಗೇ ಮರೆವಿನ ಕಾಟ ಹೆಚ್ಚು, ಒಂದು ಪದ ಜಾರಿದರೆ ಸರಪಳಿಯೇ ಕಳಚುತ್ತದೆ. ಮೊದಲ ವಾಕ್ಯ, ಕೊನೆಯ ವಾಕ್ಯ, ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ಮೂರು ವಾಕ್ಯ, ಇಷ್ಟು ಮಾತ್ರ ಬಾಯಿಪಾಠವಿರಲಿ. ನಿಂತುಹೋದರೆ ಮುಂದಿನ ದಾಟುವಾಕ್ಯಕ್ಕೆ ಹಾರಿ. ಬಿಟ್ಟುಹೋದದ್ದು ನಿಮಗಲ್ಲದೆ ಬೇರೆ ಯಾರಿಗೂ ತಿಳಿಯುವುದಿಲ್ಲ.

ಪ್ರಶ್ನೆ: ನನ್ನ ಫಲಿತಾಂಶಕ್ಕೆ ಪೇಟೆಂಟ್ ಸಿಗಬಹುದು ಎನ್ನುತ್ತಾರೆ ಗೈಡ್. ಮಾತಾಡಿದರೆ ತೊಂದರೆಯೇ? (ಮಂಗಳೂರು)

ಉತ್ತರ: ಹೌದು. ಅರ್ಜಿಗೆ ಮೊದಲೇ ಸಾರ್ವಜನಿಕವಾಗಿ ಬಿಚ್ಚಿಟ್ಟರೆ ‘ಹೊಸತು’ ಎಂಬ ಅರ್ಹತೆಗೇ ಕುತ್ತು ಬರಬಹುದು. ಇಂಥ ಭಾಷಣಗಳ ವಿಡಿಯೊ ಜಾಲಕ್ಕೂ ಏರುತ್ತದೆ. ತಾತ್ಕಾಲಿಕ ಅರ್ಜಿ ಹಾಕಿ, ಪೂರ್ಣ ವಿವರ ಸಲ್ಲಿಸಲು ಆಮೇಲೆ 12 ತಿಂಗಳು ಸಿಗುತ್ತದೆ. ಅರ್ಜಿ ಹಾಕುವ ಮುನ್ನವೇ ಸ್ಪರ್ಧೆ ಬಂದರೆ ತೊಂದರೆ ಯಾವುದು, ಫಲ ಏನು ಎಂಬಷ್ಟನ್ನೇ ಹೇಳಿ, ಮಾಡುವ ವಿಧಾನವನ್ನು ಬಾಯಿಬಿಡಬೇಡಿ. ಸ್ಲೈಡನ್ನು ಕಳಿಸುವ ಮುನ್ನ ಗೈಡಿಗೆ ತೋರಿಸಿ.