ಡ್ರೈವರ್ ಗುಂಯ್ ಅನ್ನಲ್ಲ ಕಣ್ರೀ! ಕಂಪ್ಯೂಟರ್ ಸೌಂಡ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋದ್ರಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ವೇಷ ಮಾತ್ರ ಬೇರೆ ಬೇರೆ. ಅದಕ್ಕೇ ಅದೊಂದನ್ನ ಪೂರ್ತಿ ಬಿಡಿಸಿ ಹೇಳ್ಬಿಡ್ತೀನಿ, ಉಳಿದವಕ್ಕೆ ಕೆಳಗೆ ಚುಟುಕಾಗಿ. ವೈರ್ ಸರಿಯಾಗಿ ಚುಚ್ಚಿದೀರಾ, ಮ್ಯೂಟ್ ಆಗಿದ್ಯಾ ಅಂತೆಲ್ಲ ಕೇಳಲ್ಲ, ಅಷ್ಟು ನೋಡ್ಕೊಂಡೇ ಬಂದಿರ್ತೀರ ಅನ್ಕೋತೀನಿ.

ಪ್ರಶ್ನೆ: ಲ್ಯಾಪ್‌ಟಾಪಿಗೆ ಸ್ಪೀಕರ್ ಹಾಕಿದ್ರೆ ಗುಂಯ್ ಅಂತ ಒಂದೇ ಸಮ ಶಬ್ದ, ಮೌಸ್ ಆಡ್ಸಿದ್ರೆ ಅದ್ರ ಜೊತೆ ಕಿರ್ ಕಿರ್ ಅಂತ ಇನ್ನೊಂದು. ಡ್ರೈವರ್ ತೆಗೆದು ಹಾಕ್ದೆ, ಹಳೇ ವರ್ಷನ್ ಹಾಕ್ದೆ, ಕೊನೆಗೆ ಫಾರ್ಮ್ಯಾಟೇ ಮಾಡ್ದೆ, ಹೋಗ್ಲಿಲ್ಲ. ರಿಪೇರಿಯವ್ರು ಮದರ್‌ಬೋರ್ಡ್ ಹೋಗಿದೆ ಅಂತಾರೆ. ಚಾರ್ಜರ್ ತೆಗೆದ್ರೆ ಮಾತ್ರ ಸುಮ್ನಾಗುತ್ತೆ.

ಉತ್ತರ: ಕೊನೇ ಸಾಲಲ್ಲಿ ಉತ್ತರನೂ ನೀವೇ ಬರೆದು ಕಳ್ಸಿದೀರಲ್ಲ ಸ್ವಾಮಿ! ಚಾರ್ಜರ್ ತೆಗೆದ್ರೆ ನಿಲ್ಲೋ ಶಬ್ದಕ್ಕೆ ವಿಂಡೋಸ್ ಫಾರ್ಮ್ಯಾಟ್ ಮಾಡೋದು ಹಲ್ಲುನೋವಿಗೆ ಕನ್ನಡಕ ಬದಲಾಯಿಸ್ದಂಗೆ. ಡ್ರೈವರ್ ಅನ್ನೋದು ಹಾರ್ಡ್‌ವೇರನ್ನ ವಿಂಡೋಸ್ ಜೊತೆ ಮಾತಾಡ್ಸೋ ಸಾಫ್ಟ್‌ವೇರು, ಅದು ಕೆಟ್ರೆ ಸೌಂಡೇ ಬರದೇ ಇರ್ಬಹುದು, ತುಂಡು ತುಂಡಾಗಿ ಬರ್ಬಹುದು, ಪಟ್ ಪಟ್ ಅನ್ಬಹುದು, ಆದ್ರೆ ಹಾಡು ಹಾಕ್ಲಿ ಬಿಡ್ಲಿ ಒಂದೇ ಸಮ ಗುಂಯ್ ಅಂತಿದ್ರೆ ಅದು ಕರೆಂಟಿನ ಕೆಲಸ.

ನಂಬಿಕೆ ಇಲ್ವಾ? ವಿಂಡೋಸಲ್ಲಿ ವಾಲ್ಯೂಮ್ ಸೊನ್ನೆಗೆ ಇಳ್ಸಿ, ಸ್ಪೀಕರಿನ ನಾಬ್ ಏರ್ಸಿ. ಗುಂಯ್ ಹಂಗೇ ಇದ್ರೆ ಅದು ಡಿಜಿಟಲ್ ಭಾಗ ದಾಟಿದ್ಮೇಲೆ ಸೇರ್ಕೊಂಡಿರೋದು, ಡ್ರೈವರ್‌ಗೂ ಅದಕ್ಕೂ ಸಂಬಂಧ ಇಲ್ಲ. ಆಮೇಲೆ ಆಡಿಯೋ ಕೇಬಲ್ಲನ್ನ ಸ್ಪೀಕರ್ ಕಡೆಯಿಂದ ಕೀಳಿ (ಲ್ಯಾಪ್‌ಟಾಪ್ ಕಡೆಯಿಂದ ಕಿತ್ತರೆ ನೇತಾಡೋ ಕೇಬಲ್ಲೇ ಆಂಟೆನಾ ಆಗಿ ಇನ್ನೊಂದು ಗುಂಯ್ ಶುರುವಾಗುತ್ತೆ, ಆಮೇಲೆ ನಂಗೆ ಬೈತೀರ). ಆಗ್ಲೂ ಗುಂಯ್ ಅಂತಿದ್ರೆ ಸ್ಪೀಕರಿನ ಒಳಗೇ ಗಲಾಟೆ, ಹೆಚ್ಚಾಗಿ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಒಣಗಿರುತ್ತೆ. ನಿಂತ್ರೆ ಗ್ರೌಂಡ್ ಲೂಪ್ (ಅರ್ಥಿಂಗ್ ದಾರಿಗಳ ಸುತ್ತು), ಅಂದ್ರೆ ನಿಮ್ಮ ಕೇಸು.

ಆಗೋದಿಷ್ಟೇ. ಚಾರ್ಜರ್ ಮೂಲಕ ಲ್ಯಾಪ್‌ಟಾಪಿಗೆ ಒಂದು ಅರ್ಥಿಂಗ್, ಸ್ಪೀಕರಿಗೆ ಅದರದೇ ಒಂದು ಅರ್ಥಿಂಗ್, ಇವೆರಡನ್ನೂ ಆಡಿಯೋ ಕೇಬಲ್ಲಿನ ಹೊರ ಜಾಲರಿ ಸೇರ್ಸಿ ಒಂದು ಸುತ್ತು ಪೂರ್ತಿ ಮಾಡ್ಬಿಡುತ್ತೆ. ಆ ಸುತ್ತಲ್ಲಿ ಸಣ್ಣ ಕರೆಂಟ್ ಹರಿಯುತ್ತೆ, ಸಿಗ್ನಲ್ ವಾಪಸ್ ಬರೋ ದಾರಿನೂ ಅದೇ ಜಾಲರಿ ಆಗಿರೋದ್ರಿಂದ ಆಂಪ್ಲಿಫೈಯರ್‌ಗೆ ಯಾವ್ದು ಹಾಡು ಯಾವ್ದು ಕಸ ಅಂತ ಗೊತ್ತಾಗಲ್ಲ, ಎರಡನ್ನೂ ದೊಡ್ಡದು ಮಾಡಿ ಕೊಡುತ್ತೆ. ಆ ಗುಂಯ್ 50 ಹರ್ಟ್ಸ್, ಕೆಲವು ದೇಶಗಳಲ್ಲಿ 60, ಜೊತೆಗೆ ಅದರ ಗುಣಕಗಳು. ಮೌಸ್ ಆಡ್ಸಿದಾಗ ಬರೋ ಕಿರ್ ಕಿರ್ ಕೂಡ ಇದೇ ದಾರಿಲಿ ಬರೋದು. ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ಪಿಗೆ ಕೆಲಸ ಬಿದ್ದಂಗೆಲ್ಲ ಅವು ಎಳ್ಕೊಳೋ ಕರೆಂಟ್ ಏರಿಳಿಯುತ್ತೆ, ಆ ಏರಿಳಿತ ಗ್ರೌಂಡ್ ಮೇಲೆ ಸವಾರಿ ಮಾಡುತ್ತೆ, ಅದಕ್ಕೇ ಪೇಜ್ ಸ್ಕ್ರೋಲ್ ಮಾಡಿದ್ರೂ ಸ್ಪೀಕರ್ ಗೊಣಗೋದು.

ಮೊದ್ಲು ಕಾಸಿಲ್ಲದ ಉಪಾಯ: ಚಾರ್ಜರ್ ಮತ್ತೆ ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಸುತ್ತು ಚಿಕ್ಕದಾದ್ರೆ ಎಷ್ಟೋ ಸಲ ಶಬ್ದ ಅಲ್ಲೇ ಸಾಯುತ್ತೆ. ಸಾಯ್ಲಿಲ್ವಾ, ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಪುಟ್ಟ ಡಬ್ಬಿ ಸಿಗುತ್ತೆ, ಒಳಗೆ ಎರಡು ಚಿಕ್ಕ ಟ್ರಾನ್ಸ್‌ಫಾರ್ಮರ್, ಆಡಿಯೋ ಕೇಬಲ್ ಮಧ್ಯ ಹಾಕೋದು. ತೀರಾ ಅಗ್ಗದ್ದು ತಗೊಂಡ್ರೆ ಬಾಸ್ ತಿಂದಾಕುತ್ತೆ, ಹುಷಾರು. ಸೌಂಡನ್ನ ಬೆಳಕಾಗಿ ಕಳ್ಸೋ ಆಪ್ಟಿಕಲ್ ಔಟ್‌ಪುಟ್ ಇದ್ರಂತೂ ಚಿಂತೆನೇ ಇಲ್ಲ, ಬೆಳಕಿನಲ್ಲಿ ಕರೆಂಟ್ ಹರಿಯಲ್ಲ.

"ಯುಎಸ್‌ಬಿ ಸೌಂಡ್ ಕಾರ್ಡ್ ಹಾಕು ಸರಿ ಹೋಗುತ್ತೆ" ಅಂತ ಎಲ್ರೂ ಕಣ್ಮುಚ್ಕೊಂಡು ಹೇಳ್ತಾರೆ. ಹೋಗ್ಬಹುದು, ಹೋಗ್ದೇನೂ ಇರ್ಬಹುದು. ಲ್ಯಾಪ್‌ಟಾಪ್ ಒಳಗಿನ ಕಸ ಕಮ್ಮಿ ಆಗುತ್ತೆ ನಿಜ, ಆದ್ರೆ ಯುಎಸ್‌ಬಿ ಕೇಬಲ್ಲಲ್ಲೂ ಗ್ರೌಂಡ್ ವೈರ್ ಇದ್ಯಲ್ಲ, ಲೂಪ್ ಹಂಗೇ ಉಳಿಯುತ್ತೆ. ಆ ಗ್ರೌಂಡ್ ಕೊಂಡಿ ಕಡಿಯೋ ಯುಎಸ್‌ಬಿ ಐಸೊಲೇಟರ್ ಹಾಕೋದಾದ್ರೆ ಅಗ್ಗದ ಎಷ್ಟೋ ಮಾಡೆಲ್‌ಗಳು ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ ಬಿಡ್ತವೆ, ಸಾದಾ ಸ್ಟೀರಿಯೋಗೆ ಸಾಕು, ದೊಡ್ಡ ರೆಕಾರ್ಡಿಂಗ್ ಇಂಟರ್‌ಫೇಸಿಗೆ ಸಾಲಲ್ಲ.

ಇನ್ನೊಂದು ಘನಂದಾರಿ ಸಲಹೆ ಓಡಾಡ್ತಿದೆ, ಪ್ಲಗ್ಗಿನ ಅರ್ಥಿಂಗ್ ಪಿನ್ ಕಿತ್ತಾಕಿ ಅಥವಾ ಟೇಪ್ ಸುತ್ತಿ ಅಂತ. ಶಬ್ದ ನಿಲ್ಲುತ್ತೆ, ಹೌದು. ಒಳಗೆ ಎಲ್ಲೋ ಇನ್ಸುಲೇಶನ್ ಕಿತ್ತು ಬಾಡಿಗೆ ಲೈವ್ ವೈರ್ ತಾಗಿದ ದಿನ ನೀವೂ ನಿಲ್ತೀರ. ಈ ವಿಷ್ಯದಲ್ಲಿ ನಾನು ಪುಕ್ಕಲ ಅಂದ್ಕೊಂಡ್ರೂ ಪರ್ವಾಗಿಲ್ಲ, ಇದನ್ನ ಹೇಳ್ಕೊಡೋ ರಿಪೇರಿಯವ್ನ ಕೈಗೆ ನಾನು ಟಾರ್ಚ್ ಕೂಡ ಕೊಡಲ್ಲ. ಇನ್ನು ಮದರ್‌ಬೋರ್ಡು? ಬ್ಯಾಟರಿಯಲ್ಲಿ ಸೌಂಡ್ ಚೆನ್ನಾಗಿ ಬರ್ತಿದೆ ತಾನೇ, ಮತ್ತೆ ಹೋಗಿರೋದೇನು? ದುಡ್ಡು ಕೊಡ್ಬೇಡಿ.

ಪ್ರಶ್ನೆ: ಹಾಡು ಕೇಳೋವಾಗ ಮಧ್ಯ ಮಧ್ಯ ಪಟ್ ಪಟ್ ಅನ್ನುತ್ತೆ. ಇದೂ ಅರ್ಥಿಂಗಾ?

ಉತ್ತರ: ಅಲ್ಲ, ಇಲ್ಲಿ ಡ್ರೈವರ್ ಮೇಲೆ ಅನುಮಾನ ಪಡ್ಬಹುದು, ಆದ್ರೆ ಸೌಂಡ್ ಡ್ರೈವರ್ ಮೇಲೇ ಅಂತಲ್ಲ. ಯಾವ್ದೋ ಡ್ರೈವರ್ ಪ್ರೊಸೆಸರನ್ನ ಬಿಡದೇ ಹಿಡ್ಕೊಂಡ್ರೆ ಸೌಂಡಿನ ಬಫರ್ (ಮುಂದೆ ನುಡಿಸೋ ಸೌಂಡನ್ನ ಕೂಡಿಡೋ ಜಾಗ) ಖಾಲಿ ಆಗಿ ಪಟ್ ಅನ್ನುತ್ತೆ. 48,000 ಹರ್ಟ್ಸಲ್ಲಿ, ಅಂದ್ರೆ ಸೆಕೆಂಡಿಗೆ 48,000 ಸ್ಯಾಂಪಲ್ (ಸೌಂಡಿನ ಅಳತೆ) ಓಡೋವಾಗ, 64 ಸ್ಯಾಂಪಲ್ ಬಫರ್ ಇಟ್ರೆ ಕೈಲಿರೋದು 1.3 ಮಿಲಿಸೆಕೆಂಡ್, 512 ಇಟ್ರೆ 10.7. ರೆಕಾರ್ಡಿಂಗ್ ಸಾಫ್ಟ್‌ವೇರಲ್ಲಿ ಮಾತ್ರ ಹಿಂಗಾಗ್ತಿದ್ರೆ ಬಫರ್ ದೊಡ್ಡದು ಮಾಡಿ, ಮುಗೀತು. ಎಲ್ಲ ಕಡೆ ಆದ್ರೆ ಯಾವ ಡ್ರೈವರ್ ತಡ ಮಾಡ್ತಿದೆ ಅಂತ ಅಳೆಯೋ ಲೇಟೆನ್ಸಿಮಾನ್ ಸಾಫ್ಟ್‌ವೇರ್ ಹಾಕಿ ಸ್ವಲ್ಪ ಹೊತ್ತು ಓಡ್ಸಿ, ಕಳ್ಳ ಯಾರು ಅಂತ ತೋರ್ಸುತ್ತೆ, ಸುಮಾರು ಸಲ ವೈಫೈ ಇಲ್ಲಾ ಗ್ರಾಫಿಕ್ಸ್ ಡ್ರೈವರ್ರೇ ಇರುತ್ತೆ. ವೈಫೈ ಆಫ್ ಮಾಡಿ ನೋಡೋಕೆ ಅದೂ ಬೇಕಿಲ್ಲ. ಅಪ್‌ಡೇಟ್ ಆದ್ಮೇಲೆ ಶುರುವಾಗಿದ್ರೆ ಡಿವೈಸ್ ಮ್ಯಾನೇಜರಲ್ಲಿ ಹೋಗಿ, ಕಂಪನಿ ಡ್ರೈವರ್ ಬದ್ಲು ಮೈಕ್ರೋಸಾಫ್ಟಿನ ಸಾದಾ 'ಹೈ ಡೆಫಿನಿಶನ್ ಆಡಿಯೋ ಡಿವೈಸ್' ಆರಿಸಿ ನೋಡಿ. ಅದಕ್ಕೂ ಬಗ್ಗದಿದ್ರೆ ಪೆನ್ ಡ್ರೈವಿಂದ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೇ ಓಡೋ ಬೇರೆ ಆಪರೇಟಿಂಗ್ ಸಿಸ್ಟಂ) ಬೂಟ್ ಮಾಡಿ, ಅಲ್ಲೂ ಪಟ್ ಪಟ್ ಅಂದ್ರೆ ಆಗ ಹಾರ್ಡ್‌ವೇರ್ ಬಗ್ಗೆ ಮಾತಾಡೋಣ.

ಉಳಿದವು.

ಡ್ರೈವರ್ ಅಪ್‌ಡೇಟರ್ ಸಾಫ್ಟ್‌ವೇರ್ ಯಾವ್ದು ಒಳ್ಳೇದು? ಯಾವ್ದೂ ಅಲ್ಲ.

ಚಿನ್ನದ ಲೇಪ ಇರೋ ಯುಎಸ್‌ಬಿ ಕೇಬಲ್ ಹಾಕಿದ್ರೆ ಸೌಂಡ್ ಬೆಚ್ಚಗಾಗುತ್ತಾ? ಮಾರಿದವನ ಜೇಬು ಆಗುತ್ತೆ.

ಸ್ಯಾಂಪಲ್ ರೇಟ್ 192 ಕಿಲೋಹರ್ಟ್ಸಿಗೆ ಇಟ್ರೆ ನಾಯ್ಸ್ ಹೋಗುತ್ತಂತೆ? ಹೋಗಲ್ಲ. 44.1ರಲ್ಲೇ 22 ಕಿಲೋಹರ್ಟ್ಸ್ ತನಕ ಹಿಡಿಯುತ್ತೆ, ನಮ್ಮ ಕಿವಿ 20 ದಾಟಲ್ಲ.

ಮೈಕಲ್ಲಿ ಬರೀ ಸ್ಸ್ಸ್ ಅಂತ ಬರುತ್ತೆ. ಮೈಕ್ರೋಫೋನ್ ಬೂಸ್ಟ್ +30 ಡೆಸಿಬಲ್‌ಗೆ ಏರ್ಸಿ ಕೂತಿರ್ತೀರ, 10ಕ್ಕೆ ಇಳ್ಸಿ, ಮೈಕ್ ಬಾಯಿ ಹತ್ರ ತನ್ನಿ.

ಕ್ಯಾಬಿನೆಟ್ಟಿನ ಮುಂದಿನ ಜ್ಯಾಕಲ್ಲಿ ಮಾತ್ರ ಕಿರ್ ಅನ್ನುತ್ತೆ. ಹಿಂದಿನದಕ್ಕೆ ಹಾಕಿ. ಮುಂದಿನದರ ವೈರು ಗ್ರಾಫಿಕ್ಸ್ ಕಾರ್ಡ್ ಪಕ್ಕದಲ್ಲೇ ಹಾದು ಬರುತ್ತೆ.

ಬ್ಲೂಟೂತ್ ಹೆಡ್‌ಸೆಟ್ಟು ಮೀಟಿಂಗಲ್ಲಿ ಹಳೇ ಫೋನ್ ಥರ ಕೇಳ್ಸುತ್ತೆ. ಮೈಕ್ ಆನ್ ಆದ ತಕ್ಷಣ ಅದು ಕಾಲ್ ಮೋಡಿಗೆ ಬೀಳುತ್ತೆ, ಅದಕ್ಕೇ ಕ್ವಾಲಿಟಿ ಕುಸಿಯೋದು. ಬೇರೆ ಮೈಕ್ ಇಟ್ಕೊಳಿ.

ಲಿನಕ್ಸಲ್ಲಿ ಪ್ರತಿ ಸಲ ಸೌಂಡ್ ಶುರುವಾಗೋ ಮುಂಚೆ ಒಂದು ಟಪ್. ಸೌಂಡ್ ಚಿಪ್ ನಿದ್ದೆಯಿಂದ ಏಳ್ತಿದೆ, ಎಚ್‌ಡಿಎ ಮಾಡ್ಯೂಲಿನ (ಆ ಚಿಪ್ಪಿನ ಡ್ರೈವರ್) ಪವರ್ ಸೇವ್ ಸೊನ್ನೆ ಮಾಡಿ. ಬ್ಯಾಟರಿ ಚೂರು ಜಾಸ್ತಿ ಖರ್ಚಾಗುತ್ತೆ, ಅದಕ್ಕೂ ಪತ್ರ ಬರೀಬೇಡಿ.